ಅಂಬಾಸಿಡರಿನ ಗಾಳಿ ಮುಚ್ಚಳ

ಬುಧವಾರ ಸಂಜೆ ಹಾಸನದಿಂದ ವಾಪಸು ಬಂದು, ಬಾಗೂರಿನ ತನ್ನ ಮನೆ ಮುಂದೆ ಕಾರು ನಿಲ್ಲಿಸಿದ ಬೀರಲಿಂಗಯ್ಯ ಇನ್ನೂ ಇಳಿದಿರಲಿಲ್ಲ, ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಮರಿಯಮ್ಮ ತೀರ್ಮಾನ ಹೇಳಿಬಿಟ್ಟಳು.

"ನಾನು ಇನ್ಮ್ಯಾಕೆ ಈ ಡಬ್ಬದೊಳಗೆ ಕೂರಾಕಿಲ್ಲ. ಶುಕ್ರವಾರ ನೀವೊಬ್ರೇ ಓಗ್ಬನ್ನಿ."

ತಾನೊಬ್ಬನೇ ಹೋಗಿ ಏನು ಮಾಡಬೇಕಂತೆ? ಡಯಾಲಿಸಿಸ್ ಮಂಚದ ಮೇಲೆ ತಾನು ಮಲಗಿ, ತನ್ನ ರಕ್ತ ತೊಳೆಸಿಕೊಂಡು ಬರಬೇಕಾ? ಬಾಯಿಗೆ ಬಂದಿದ್ದನ್ನು ಬೀರಲಿಂಗಯ್ಯ ನುಂಗಿಕೊಂಡ. ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಅವಳ ಜೊತೆ ವಾದ ಮಾಡಬಾರದು ಅನ್ನುವುದನ್ನು ಅವನು ಕಲಿತಿದ್ದ.

"ಯಾಕಮ್ಮೀ, ಏನಾಯ್ತು ಈಗ?" ಅಂದ.

"ಏನಾಯ್ತು ಅಂತ ಬ್ಯಾರೆ ಕೇಳ್ತೀರಾ? ಉಸ್ರು ಕಟ್ತದೆ ಇದ್ರೊಳಗೆ. ಕಿಟ್ಕಿ ಮುಚ್ಚಿದ್ರೆ ಡೀಸಲ್ ವಾಸ್ನೆ, ಒಟ್ಟೆ ತೊಳಸ್ತದೆ. ತೆಗುದ್ರೆ ಗಂಟ್ಲು ಒಣಗ್ತದೆ. ಆ ಗಾಳಿ ಮುಚ್ಚಳ ಬಿಚ್ಸಿ ಅಂತ ಯಾವ ಕಾಲದಿಂದ ಬಡ್ಕತಾ ಇವ್ನಿ? ಅದು ಬಿಚ್ಕಂಡ ದಿನ ಬತ್ತೀನಿ. ಅಲ್ಲೀಗಂಟ ಬರಾಕಿಲ್ಲ. ಮುಗೀತು."

ಗಂಟಲು ಒಣಗುತ್ತದೆ ಅನ್ನುವುದು ಬೇರೆ ಹೆಂಗಸರು ಹೇಳಿದ್ದರೆ ಸಣ್ಣ ಮಾತು. ಒಣಗಿದರೆ ಒಂದು ಲೋಟ ನೀರು ಕುಡಿಯಮ್ಮ ಅನ್ನಬಹುದು. ಮರಿಯಮ್ಮನಿಗೆ ಹಾಗನ್ನುವಂತಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಅವಳು ದಿನಕ್ಕೆ ಕುಡಿಯಬಹುದಾದ ನೀರನ್ನು ಡಾಕ್ಟರು ಅಳೆದು ಕೊಟ್ಟಿದ್ದಾರೆ. ಒಂದು ಚೊಂಬೂ ತುಂಬುವುದಿಲ್ಲ. ಅಷ್ಟರಲ್ಲೇ ಕಾಫಿ, ಅಷ್ಟರಲ್ಲೇ ಮಜ್ಜಿಗೆ, ಅಷ್ಟರಲ್ಲೇ ಮಾತ್ರೆ ನುಂಗುವುದು. ಕಿಟಕಿಯ ಗಾಳಿ ಮುಖಕ್ಕೆ ರಾಚಿ ಗಂಟಲ ಪಸೆ ಆರಿತೆಂದರೆ ಹಾಸನದವರೆಗೂ ಅವಳು ನಾಲಿಗೆ ಹೊರಳಿಸುತ್ತಾ, ಮಡಿಲಲ್ಲಿಟ್ಟ ಬಾಟಲಿಯನ್ನು ನೋಡುತ್ತಾ ಕೂರಬೇಕು. ಪಾಪ, ಅವಳು ಹೇಳುವುದರಲ್ಲಿ ಸುಳ್ಳೇನಿರಲಿಲ್ಲ.

ಬೇರೆ ದಾರಿಗಳನ್ನೆಲ್ಲ ನೋಡಿ ಆಗಿತ್ತು. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಾಗ ಒಮ್ಮೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಪಕ್ಕದ ಮನೆಯವರ ಹೊಸ ಕಾರಿನಲ್ಲಿ ಕೂರಿಸಿದರೆ ಆ ಎಸಿ ವಾಸನೆಗೆ ಊರ ಗಡಿ ದಾಟುವ ಮೊದಲೇ ವಾಂತಿ. ಕೊನೆಗೆ ಉಳಿದದ್ದು ಈ ಹಳೆಯ ಬಿಳಿ ಅಂಬಾಸಿಡರ್. ಬೀರಲಿಂಗಯ್ಯ ಪಟ್ಟಣದ ಸ್ಟ್ಯಾಂಡಿನಲ್ಲಿ ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿದ್ದು ಇದರಲ್ಲೇ. ಈಗ ಯಾರೂ ಟ್ಯಾಕ್ಸಿಗೆ ಅಂತ ಇದನ್ನು ಕೇಳುವುದಿಲ್ಲ. ಮದುವೆಯವರು ಕೇಳುತ್ತಾರೆ. 'ಕ್ಲಾಸಿಕ್ ಕಾರು' ಅಂತೆ! ಹುಡುಗ ಹುಡುಗಿ ಹೂವಿನ ಹಾರ ಹಾಕಿಕೊಂಡು ಹತ್ತಿ, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು, ಛತ್ರದ ಬಾಗಿಲಲ್ಲೇ ಇಳಿದು ತಮ್ಮ ಎಸಿ ಕಾರಿಗೆ ಹೋಗುತ್ತಾರೆ. ಅಂಥ ಕಾರು ವಾರಕ್ಕೆ ಮೂರು ಸಲ ಬಾಗೂರಿನಿಂದ ಹಾಸನಕ್ಕೆ, ಹಾಸನದಿಂದ ಬಾಗೂರಿಗೆ ಓಡುತ್ತಿತ್ತು. ಕಾರಿಗೆ ಸುಸ್ತಾಗಿರಲಿಲ್ಲ. ಓಡಿಸುವವನಿಗೆ ಆಗಿತ್ತು.

ಅವಳು ಹೇಳಿದ ಗಾಳಿ ಮುಚ್ಚಳ ಏನು ಅಂದರೆ, ಬಾನೆಟ್ಟು ಮುಗಿದು ಮುಂದಿನ ಗಾಜು ಶುರುವಾಗುವ ಕಡೆ ನಡುಮಧ್ಯೆ ತಗಡಿನ ಒಂದು ಸಣ್ಣ ಬಾಗಿಲು. ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ ಅದರ ಹಿಡಿ. ಹಿಡಿ ತಳ್ಳಿದರೆ ಹೊರಗಿನ ಮುಚ್ಚಳ ಬಾಯಿ ತೆರೆಯುತ್ತದೆ; ಕಾರು ಓಡುತ್ತಿದ್ದ ಹಾಗೆ ಗಾಳಿ ಅದರೊಳಗೆ ಇಳಿದು, ಮುಂದೆ ಕೂತವರ ಕಾಲ ಹತ್ತಿರ ಮೆಲ್ಲಗೆ ಬರುತ್ತದೆ. ಮುಖಕ್ಕೆ ರಾಚುವುದಿಲ್ಲ, ಧೂಳೂ ಅಷ್ಟು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೊಳೆನರಸೀಪುರದ ತವರಿಗೆ ಹೋಗುವಾಗ ಮರಿಯಮ್ಮ ಚಪ್ಪಲಿ ಬಿಟ್ಟು, ಆ ಗಾಳಿಗೆ ಪಾದ ಒಡ್ಡಿಕೊಂಡೇ ಕೂರುತ್ತಿದ್ದಳು. ಅದು ಯಾವಾಗ ಕಚ್ಚಿಕೊಂಡಿತೋ ಇಬ್ಬರಿಗೂ ನೆನಪಿಲ್ಲ. ಆರೋಗ್ಯವಾಗಿದ್ದ ಕಾಲದಲ್ಲಿ ಅದು ಯಾರಿಗೆ ಬೇಕಿತ್ತು?

ಶುಕ್ರವಾರದ ಸರದಿ ತಪ್ಪಿದರೆ ಏನಾಗುತ್ತದೆ ಅನ್ನುವುದು ಮಾತ್ರ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮಂಚಕ್ಕೆ ಬರುತ್ತಿದ್ದ ದುದ್ದದ ಕಡೆಯ ಚನ್ನಬಸವಯ್ಯ ಅನ್ನುವವರು, "ಸಾಕಪ್ಪ ಈ ಸೂಜಿ ಸವಾಸ" ಅಂದುಕೊಂಡು ಬರುವುದು ಬಿಟ್ಟರು. ಮೈಯಲ್ಲಿ ನೀರು ತುಂಬಿ, ಉಸಿರು ಸಿಕ್ಕದೆ, ಹದಿನೈದು ದಿನದೊಳಗೆ ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ಮರಿಯಮ್ಮ ಹಾಸನದಿಂದ ಬಾಗೂರಿನವರೆಗೆ ತುಟಿ ಪಿಟಕ್ಕೆನ್ನಲಿಲ್ಲ.

ಹೀಗೆ ಎಲ್ಲ ಗೊತ್ತಿದ್ದೂ 'ಬರಾಕಿಲ್ಲ' ಅನ್ನುತ್ತಾಳಲ್ಲ ಇವಳು! ಬೀರಲಿಂಗಯ್ಯನಿಗೆ ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟಿಗೆ ಮಾಡಲು ಬೇರೆ ಕೆಲಸ ಇಲ್ಲದೆ ಹೋಗಿ ಎಮ್ಮೆ ಹಾಲು ಕರೆದ. ಆಮೇಲೆ ಡಾಕ್ಟರು ಹೇಳಿದ ಹಾಗೆ ಅವಳಿಗೆ ಸೊಪ್ಪು ಬೇಯಿಸಿ, ಬೆಂದ ನೀರು ಬಸಿದು ಚೆಲ್ಲಿ, ಮತ್ತೆ ಬೇಯಿಸಿ, ಉಪ್ಪಿಲ್ಲದೆ ಬಡಿಸಿದ. ಅವಳು ಉಂಡಳು. ಮುಖ ಮಾತ್ರ ಊದಿಸಿಕೊಂಡೇ ಇದ್ದಳು.

ಗುರುವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಹಾಗೇ ಕಾರು ತಗೊಂಡು ಚನ್ನರಾಯಪಟ್ಟಣಕ್ಕೆ ಹೋದ. ಅಲ್ಲಿ ನಟರಾಜು ಅಂತ ಒಬ್ಬ ಮೆಕ್ಯಾನಿಕ್, ಅವನ ಗ್ಯಾರೇಜಿಗೆ ಬೀರಲಿಂಗಯ್ಯ ಬಹಳ ವರ್ಷದ ಗಿರಾಕಿ. ನಟರಾಜು ಒಂದು ಟ್ರ್ಯಾಕ್ಟರಿನ ಕೆಳಗಿಂದ ತಲೆ ಹೊರಗೆ ಹಾಕಿದ.

"ಏನ್ ಬೀರಣ್ಣ, ಮತ್ತೆ ಗೇರಾ?"

"ಗೇರಲ್ಲ ಕಣ್ಲಾ. ಆ ಗಾಳಿ ಮುಚ್ಚಳ ಬಿಚ್ಚಿಕೊಡು. ಇವತ್ತೇ ಆಗ್ಬೇಕು."

"ಅಯ್ಯೋ, ಅದಾ? ಓದ್ವರ್ಷಾನೂ ಹೇಳ್ದೆ, ಅಕ್ಕನ್ ಎದುರಿಗೇ ಹೇಳ್ದೆ. ಅದು ತುಕ್ಕು ಹಿಡ್ದು ಬೆಸುಗೆ ಆದಂಗೆ ಆಗೋಗೈತೆ, ಬಿಚ್ಚಾಕಿಲ್ಲ ಅಂತ. ಒಂದು ಪುಟಾಣಿ ಫ್ಯಾನ್ ಸಿಗ್ತದೆ, ಡ್ಯಾಶ್ ಮ್ಯಾಲೆ ಕೂರಿಸ್ಕೊಡ್ತೀನಿ ಬುಡು."

"ಫ್ಯಾನು ಒಳಗಿನ ಗಾಳೀನೇ ತಿರುಗುಸ್ತದೆ ಕಣ್ಲಾ. ಅವಳಿಗೆ ಒರಗಿನ ಗಾಳಿ ಬೇಕು."

ನಟರಾಜು ಎದ್ದು ಬಂದು, ಕೈ ಒರೆಸಿಕೊಂಡು, ಡ್ಯಾಶಿನ ಕೆಳಗೆ ಬಗ್ಗಿ ಹಿಡಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿ ಒಂದು ಸಲ ಎಳೆದ. ಅಲ್ಲಾಡಲಿಲ್ಲ. ಇನ್ನೊಂದು ಸಲ ಜೋರಾಗಿ ತಳ್ಳಿದ. ಟಪ್ ಅಂತ ಸದ್ದಾಯಿತು. ಬೀರಲಿಂಗಯ್ಯನ ಮುಖ ಅರಳಿತು, ಅದೂ ಒಂದೇ ಗಳಿಗೆ. ಮುಚ್ಚಳ ಹಾಗೇ ಇತ್ತು. ಹಿಡಿಗೂ ಮುಚ್ಚಳಕ್ಕೂ ನಡುವಿನ ಕಂಬಿ ತುಂಡಾಗಿ ನಟರಾಜನ ಕೈಗೆ ಬಂದಿತ್ತು.

"ನೋಡ್ದಾ? ಅದಕ್ಕೇ ಹೇಳಿದ್ದು," ಅಂದ ನಟರಾಜು, ಕಂಬಿ ಮುರಿದದ್ದೇ ತನ್ನ ಮಾತಿಗೆ ಸಾಕ್ಷಿ ಅನ್ನುವ ಹಾಗೆ. "ಇನ್ನು ತಗಡು ಕುಯ್ದು ತೆಗೀಬೇಕು. ಕುಯ್ದುರೆ ಮಳೆ ನೀರೆಲ್ಲ ಒಳಿಕ್ಕೆ. ಮದುವೆ ಬಾಡ್ಗೆ ಮರ್ತುಬುಡು."

ಬೀರಲಿಂಗಯ್ಯ ಗ್ಯಾರೇಜಿನ ಟೈರಿನ ಮೇಲೆ ಕುಸಿದು ಕೂತ. ಅವನಿಗೆ ನಟರಾಜನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿಯೊಂದನ್ನೂ ಮುರಿದ ಗರಗಸದ ತೆಳ್ಳನೆ ಬ್ಲೇಡೊಂದನ್ನೂ ಕೇಳಿ ಇಸಿದುಕೊಂಡ. "ನಾನೇ ನೋಡ್ಕತೀನಿ ಬುಡು," ಅಂದ.

"ನೀನಾ? ನೀನು ಮೊದ್ಲು ಓಗಿ ಮಲಿಕ್ಕೋ ಬೀರಣ್ಣ. ಕಣ್ಣು ನೋಡು, ಎಂಗಾಗವೆ," ಅಂದು ನಟರಾಜು ಮತ್ತೆ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡ.

ಮನೆ ಮುಂದಿನ ಹೊಂಗೆ ಮರದ ನೆರಳಿಗೆ ಕಾರು ತಂದು ನಿಲ್ಲಿಸಿ ಬೀರಲಿಂಗಯ್ಯ ಕೆಲಸಕ್ಕೆ ಕೂತ. ಕಣ್ಣಿಟ್ಟು ನೋಡಿದರೆ ಮುಚ್ಚಳದ ಸುತ್ತ ಸಂದೇ ಇಲ್ಲ. ಮದುವೆ ಬಾಡಿಗೆಗೆ ಅಂತ ಕಾರಿಗೆ ಹೊಸ ಬಣ್ಣ ಹೊಡೆಸಿದಾಗ ಪೇಂಟರು ಮುಚ್ಚಳಕ್ಕೂ ಸೇರಿಸಿ ಬಳಿದುಬಿಟ್ಟಿದ್ದ. ಬ್ಲೇಡನ್ನು ಬಣ್ಣದೊಳಗೆ ಊರಿ, ಕೂದಲೆಳೆಯಷ್ಟು ಗೆರೆ ಬಿಡಿಸುತ್ತಾ ನಾಲ್ಕೂ ಕಡೆ ಬಂದ. ಎರಡು ಸಲ ಬ್ಲೇಡು ಜಾರಿ ಬೆರಳು ಕುಯ್ಯಿತು. ಗೆರೆಯೊಳಕ್ಕೆ ಎಣ್ಣೆ ಬಿಟ್ಟ. ಎಣ್ಣೆ ಕೆಳಗಿಳಿಯದೆ ಮೇಲೇ ನಿಂತುಕೊಂಡಿತು. ಒಲೆ ಮೇಲಿಂದ ಬಿಸಿನೀರು ತಂದು ಸುರಿದ, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ, ಮತ್ತೆ ಎಣ್ಣೆ ಬಿಟ್ಟ.

ಜಗಲಿ ಮೇಲೆ ಕೂತ ಮರಿಯಮ್ಮ ಎಲ್ಲ ನೋಡುತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಗಂಟು ಗಂಟಾದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಆಗಲ್ಲ ಅಂತ ನಟರಾಜ ಅಂದ್ನಲ್ಲ, ಬುಟ್ಟು ಬನ್ನಿ," ಅಂದಳು.

"ಆಗ್ತದೆ."

"ಎಂಥ ಹಟ ನಿಮ್ದು! ಬಂದು ಉಣ್ಣಿ ಮೊದ್ಲು."

"ಅಟ ಯಾರ್ದು ಅಂತ ಊರಿಗೇ ಗೊತ್ತು ಬುಡು. ನೀನು ಬರ್ತೀನಿ ಅಂದ್ಬುಡು, ಈಗ್ಲೇ ಕೈ ತೊಳ್ಕತೀನಿ."

ಅವಳು ಮುಖ ಆಚೆ ತಿರುಗಿಸಿಕೊಂಡಳು. ಬೀರಲಿಂಗಯ್ಯ ಮತ್ತೆ ಬಗ್ಗಿದ.

ಮೇಲಿಂದ ಆಗುವಷ್ಟು ಆದಮೇಲೆ ಒಳಗಿಂದ ತಳ್ಳಬೇಕಿತ್ತು. ಕಾರಿನೊಳಗೆ ಅಂಗಾತ ಮಲಗಿ, ತಲೆಯನ್ನು ಪೆಡಲುಗಳ ಸಂದಿಗೆ ತೂರಿಸಿ, ಕಾಲುಗಳನ್ನು ಬಾಗಿಲಿಂದ ಹೊರಕ್ಕೆ ಚಾಚಿದ. ಮುರಿದ ಕಂಬಿಯ ಮೋಟು ಕಾಣಿಸಿತು. ಅದಕ್ಕೂ ಎಣ್ಣೆ ಬಿಟ್ಟು, ನೆನೆಯಲಿ ಅಂತ ಕೈ ಎದೆ ಮೇಲಿಟ್ಟುಕೊಂಡ. ಎಣ್ಣೆಯ ಹನಿ ಕೆನ್ನೆಗೆ ತೊಟ್ಟಿಕ್ಕಿತು, ಒರೆಸಿಕೊಳ್ಳಲೂ ಬೇಜಾರು. ಹಾಗೆ ಮಲಗಿದ್ದಾಗ ನಿನ್ನೆಯದು ನೆನಪಾಯಿತು. ಹಾಸನದಿಂದ ಬರುವಾಗ ಶಾಂತಿಗ್ರಾಮ ದಾಟಿದ ಮೇಲೆ ಕಣ್ಣು ತನಗೆ ತಾನೇ ಮುಚ್ಚಿಹೋಗಿತ್ತು. ಎದುರಿಗೆ ಲಾರಿಯವನು ಅರಚಿದ ಹಾಗೆ ಹಾರನ್ ಹೊಡೆದಾಗ ಸ್ಟೀರಿಂಗ್ ಎಳೆದು ಎಡಕ್ಕೆ ತಗೊಂಡಿದ್ದ. ಪುಣ್ಯಕ್ಕೆ ಮರಿಯಮ್ಮ ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆ ಹೋಗಿದ್ದಳು. ಇಂಥದ್ದನ್ನೆಲ್ಲ ಅವಳಿಗೆ ಹೇಳಿ ಏನು ಪ್ರಯೋಜನ ಅಂದುಕೊಂಡ. ಅಂದುಕೊಳ್ಳುತ್ತಿದ್ದ ಹಾಗೇ ನಿದ್ದೆ ಬಂದುಬಿಟ್ಟಿತು.

ಯಾರೋ ಕಾಲು ಹಿಡಿದು ಅಲುಗಿಸುತ್ತಿದ್ದರು. ಗಾಬರಿಯಲ್ಲಿ ಎದ್ದವನ ಹಣೆ ಡ್ಯಾಶಿನ ತಳಕ್ಕೆ ಠಣ್ ಅಂತ ಬಡಿಯಿತು. "ಅಯ್ಯಯ್ಯಪ್ಪಾ!" ಅಂತ ಹಣೆ ಉಜ್ಜಿಕೊಳ್ಳುತ್ತಾ ಹೊರಗೆ ತೆವಳಿ ಬಂದರೆ, ಮರಿಯಮ್ಮ ಊದಿದ ಕಾಲಿನಲ್ಲಿ ಜಗಲಿ ಇಳಿದು ಬಂದು, ಕಾರಿನ ಬಾಗಿಲು ಹಿಡಿದು ನಿಂತಿದ್ದಾಳೆ. ಕಣ್ಣಲ್ಲಿ ಧಾರಾಕಾರ ನೀರು.

"ಎಷ್ಟು ಕೂಗಿದ್ರೂ ಓ ಅನ್ಲಿಲ್ವಲ್ಲ ನೀವು! ಕಾಲು ಅಲ್ಲಾಡ್ಲಿಲ್ಲ."

"ನಿದ್ದೆ ಬಂದಿತ್ತು ಕಣೆ. ಅದಕ್ಯಾಕೆ ಅಳ್ತೀಯ? ಎಣ್ಣೆ ನೆನೀತದೆ, ಈಗ ಬಿಚ್ಕತದೆ ನೋಡು."

ಮುಚ್ಚಳಕ್ಕೆ ಅಳುತ್ತಿದ್ದಾಳೆ ಅಂತಲೇ ಅವನು ತಿಳಿದುಕೊಂಡ. ಗಂಡಸರ ತಲೆಗೆ ಕೆಲವು ಸಲ ಅಷ್ಟೇ ಹೊಳೆಯುವುದು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮತ್ತೆ ಒಳಗೆ ತೂರಿ, ಕಂಬಿಯ ಮೋಟಿಗೆ ಸ್ಕ್ರೂಡ್ರೈವರ್ ಕೊಟ್ಟು, ಅಂಗೈಯಿಂದ ಗುದ್ದಿದ. ಒಂದು, ಎರಡು. ಮೂರನೆಯದಕ್ಕೆ ಕರಕರ ಅಂತ ಸದ್ದು ಮಾಡಿ ಮುಚ್ಚಳ ಹೊರಗಡೆಗೆ ಬಾಯಿ ಬಿಟ್ಟಿತು. ಅದರ ಜೊತೆಗೇ ಏನೇನೋ ಬೀರಲಿಂಗಯ್ಯನ ಮುಖದ ಮೇಲೆ ಸುರಿಯಿತು. ಥೂ, ಥೂ ಅಂತ ಉಗುಳಿಕೊಂಡು ಹೊರಗೆ ಬಂದ. ಮುಖವೆಲ್ಲ ಕೆಂಪು.

"ಅಯ್ಯೋ ರಕ್ತ!" ಅಂದಳು ಮರಿಯಮ್ಮ.

ರಕ್ತವಲ್ಲ, ಕುಂಕುಮ. ಮುಚ್ಚಳದೊಳಗೆ ಬಗ್ಗಿ ನೋಡಿದರೆ ಅಲ್ಲೊಂದು ಗುಡಿಯೇ ಇತ್ತು. ಕಪ್ಪಗೆ ಕಲ್ಲಾದ ಅಕ್ಷತೆ, ಒಣಗಿ ಪುಡಿಯಾದ ಚೆಂಡುಹೂವು, ಸೇವಂತಿಗೆಯ ತೊಟ್ಟು, ಊದುಬತ್ತಿಯ ಮೋಟು ಕಡ್ಡಿ, ನಿಂಬೆಹಣ್ಣಿನ ಬೀಜ, ಅರಿಶಿನ ಕುಂಕುಮ ನೀರಲ್ಲಿ ಕಲೆಸಿ ಗಾರೆಯ ಹಾಗೆ ಗಟ್ಟಿಯಾದ ಹೆಪ್ಪು. ನೀರು ಹರಿದುಹೋಗಬೇಕಾದ ತೂತಿಗೆ ಅಕ್ಕಿ ಕಾಳು ಹೋಗಿ ಬಿರಡೆಯಾಗಿತ್ತು. ನಿಂತ ನೀರಿಗೆ ಕೀಲು ತುಕ್ಕು ಹಿಡಿದಿತ್ತು.

ಇದನ್ನು ತುಂಬಿದ್ದು ಯಾರು ಅಂತ ಕೇಳುವುದೇ ಬೇಡ. ವರ್ಷ ವರ್ಷ ಆಯುಧಪೂಜೆಗೆ ಬೀರಲಿಂಗಯ್ಯ ಕಾರು ತೊಳೆದು ನಿಲ್ಲಿಸುತ್ತಿದ್ದ, ಪೂಜೆ ಮರಿಯಮ್ಮನದು. ಉಳಿದವರೆಲ್ಲ ಬಾನೆಟ್ಟಿನ ಮುಂದೆ ಕುಂಕುಮ ಇಟ್ಟರೆ, ಅವಳು ಗಾಜಿನ ಬುಡಕ್ಕೇ ಇಡುತ್ತಿದ್ದಳು. ಕಾರಿನ ಹಣೆ ಅದೇ ಅಂತ ಅವಳ ವಾದ. ಹಣೆಗೆ ಕುಂಕುಮ, ಹಣೆಯ ಮೇಲೆ ಹೂವು, ಹಣೆಗೆ ಎರಡು ಮುಷ್ಟಿ ಅಕ್ಷತೆ, ಕೊನೆಗೆ ಒಂದು ತಂಬಿಗೆ ಅರಿಶಿನದ ನೀರು. ಮುಚ್ಚಳ ಬಾಯಿ ತೆರೆದಿರುತ್ತಿದ್ದ ಕಾಲದಲ್ಲಿ ಎಲ್ಲ ಅದರೊಳಗೇ ಇಳಿದಿತ್ತು. ಹಬ್ಬ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ದೂರದ ಬಾಡಿಗೆ ಬಂದಾಗೆಲ್ಲ ಹೀಗೇ, ಗಂಡ ಸುಖವಾಗಿ ಮನೆಗೆ ಬರಲಿ ಅಂತ.

"ನೋಡಮ್ಮೀ, ನಿನ್ ಪೂಜೆ ಸಾಮಾನು!" ಅಂತ ಒಂದು ಹಿಡಿ ತೆಗೆದು ತೋರಿಸಿದ. "ಬಾಯಿಗೆ ಅಕ್ಕಿ ತುಂಬಿ ಮುಚ್ಚಿದ್ದು ನೀನು, ಬೈಸ್ಕಂಡಿದ್ದು ನಾನು!"

ನಗಿಸಬೇಕೆಂದೇ ಅಂದಿದ್ದ. ಅವಳಿಗೂ ನಗು ಬಂತು. ತುಟಿ ಅದುರಿದ್ದು ಅವನಿಗೆ ಕಂಡಿತು. ಆದರೆ ನಗು ಪೂರ್ತಿ ಆಗುವ ಮೊದಲೇ ಅವಳ ಮುಖ ಬಾಡಿತು. "ನಿಜವಾಗ್ಲೂ ಬಿಚ್ಚೇಬುಟ್ರಾ?" ಅಂದಳು, ಏನೋ ಕೈತಪ್ಪಿ ಹೋದವಳ ಹಾಗೆ. ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಬೀರಲಿಂಗಯ್ಯ ಚಮಚ ತಂದು ಎಲ್ಲ ಕೆರೆದು ತೆಗೆದ. ಪೂಜೆಯ ವಸ್ತು, ತುಳಿಯಬಾರದು ಅಂತ ಹೊಂಗೆ ಮರದ ಬುಡಕ್ಕೆ ಹಾಕಿದ. ಅಟ್ಟದ ಮೇಲಿದ್ದ ಹಳೆಯ ಸೈಕಲ್ಲಿನ ಚಕ್ರದಿಂದ ಒಂದು ಕಡ್ಡಿ ಬಿಚ್ಚಿ, ಎರಡೂ ತುದಿ ಬಗ್ಗಿಸಿ, ಮುರಿದ ಕಂಬಿಯ ಜಾಗಕ್ಕೆ ಸಿಕ್ಕಿಸಿದ. ಹಿಡಿ ತಳ್ಳಿದರೆ ಮುಚ್ಚಳ ತೆರೆಯಿತು, ಎಳೆದರೆ ಮುಚ್ಚಿತು. ಕೆರೆ ಏರಿಯ ಮೇಲೆ ಒಂದು ಸುತ್ತು ಓಡಿಸಿ ನೋಡಿದ. ಮೊದಲು ಭುಸ್ಸೆಂದು ಕುಂಕುಮದ ಧೂಳು ಬಂದು ಪಂಚೆ ಕೆಂಪಾಯಿತು. ಆಮೇಲೆ ಒಳ್ಳೆ ಗಾಳಿ, ತಣ್ಣಗೆ, ಮೊಣಕಾಲಿನವರೆಗೂ. ಬಹಳ ದಿನದ ಮೇಲೆ ಅವನಿಗೆ ಒಂದು ಕೆಲಸ ಮುಗಿಸಿದೆ ಅನ್ನಿಸಿತು. ಮನೆಗೆ ಬಂದವನು ಉಂಡ ತಟ್ಟೆಯ ಮುಂದೆಯೇ ತೂಕಡಿಸಿದ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಹಾಲು ಕರೆದು, ಡೇರಿಗೆ ಹಾಕಿ, ಅವಳ ಚೀಲ ಸಿದ್ಧ ಮಾಡಿ, ಕಾರು ಸ್ಟಾರ್ಟ್ ಮಾಡಿ ಕರೆದ. ಅವಳು ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಸ್ನಾನ ಇಲ್ಲ, ತಲೆ ಬಾಚಿಲ್ಲ, ಹಾಸಿಗೆಯ ಮೇಲೆ ಹಾಗೇ ಕೂತಿದ್ದಾಳೆ.

"ಏಳಮ್ಮೀ, ಗಾಳಿ ಬತ್ತದೆ ಈಗ. ಮುಂದೆ ಕೂತ್ಕೊಂಡ್ರೆ ಕಾಲಿಗೆ ಜುಮ್ ಅಂತ ಬತ್ತದೆ."

"ಬರಾಕಿಲ್ಲ."

"ಬಿಚ್ಚಿದ್ರೆ ಬತ್ತೀನಿ ಅಂದಿದ್ದೆ!"

"ಬಿಚ್ಚಕ್ಕಾಗಲ್ಲ ಅಂತ ತಿಳ್ಕಂಡು ಅಂದಿದ್ದೆ," ಅಂದಳು ಮರಿಯಮ್ಮ.

ಬೀರಲಿಂಗಯ್ಯನಿಗೆ ತಕ್ಷಣ ಅರ್ಥವಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ. ಹೊರಗೆ ಕಾರು ಗುರುಗುಟ್ಟುತ್ತಲೇ ಇತ್ತು.

"ನಟರಾಜ ಆಗಲ್ಲ ಅಂದಿದ್ದ. ಅದಕ್ಕೇ ಅದನ್ನೇ ಕೇಳ್ದೆ. ಶಾಂತಿಗ್ರಾಮದ ತಾವ ನಾನು ನಿದ್ದೆ ಮಾಡ್ತಿರ್ಲಿಲ್ಲ. ಲಾರಿ ನೋಡ್ದೆ. ನಿಮ್ಮ ತಲೆ ಎದೆ ಮ್ಯಾಲೆ ಬಿದ್ದಿದ್ದೂ ನೋಡ್ದೆ." ಅವಳ ದನಿ ಏರಲಿಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು. "ನಾನು ಎಂಗಿದ್ರೂ ಓಗೋಳು. ನೀವ್ಯಾಕೆ ನನ್ ಜೊತೆ ಸಾಯ್ಬೇಕು? ಸಾಕು ಅಂತ ಬಾಯಿಬುಟ್ಟು ಅಂದ್ರೆ ನೀವು ಒಪ್ಪಲ್ಲ. ಅರಕಲಗೂಡಿಂದ ಮಗಳು ನೇತ್ರಾವತೀನ ಕರಸ್ತೀರಾ, ಅವಳು ಕೈಕೂಸು ಕಟ್ಕಂಡು ಬಂದು ಕಾಲು ಇಡ್ಕತಾಳೆ. ಅದಕ್ಕೇ ಗಾಳಿ ಅಂದೆ. ನಿನ್ನೆ ಕಾರಿನಾಗೆ ನಿಮ್ಮ ಕಾಲು ಅಲ್ಲಾಡ್ದೇ ಇದ್ದಾಗ ನನ್ನೆದೆ ನಿಂತೋಯ್ತು."

ಅವಳು ಅಷ್ಟು ಮಾತು ಒಟ್ಟಿಗೆ ಆಡಿ ತಿಂಗಳುಗಳೇ ಆಗಿದ್ದವು. ಬೀರಲಿಂಗಯ್ಯನಿಗೆ ಮೊದಲು ಬಂದದ್ದು ಸಿಟ್ಟು. ಇಡೀ ದಿನ ಬೆರಳು ಕುಯ್ದುಕೊಂಡು, ಹಣೆ ಒಡೆದುಕೊಂಡು ಮಾಡಿದ ಕೆಲಸ ಅವಳಿಗೆ ಬೇಡವಾಗಿತ್ತಂತೆ! "ಏನೆ, ನನ್ನೇನು ಮಂಕ ಅಂದ್ಕಂಡಿದ್ದೀಯಾ?" ಅಂತ ಕೂಗಿದ. ಕೂಗಿದ್ದೇ ಅವಳ ಪಕ್ಕ ಹಾಸಿಗೆಯ ಮೇಲೆ ಕೂತುಬಿಟ್ಟ.

"ನಿಮಗೆ ಸಾಕಾಗಿಲ್ವಾ? ನಿಜ ಹೇಳಿ," ಅಂದಳು ಅವಳು.

ಈ ಪ್ರಶ್ನೆಯನ್ನು ನೆಂಟರು ಕೇಳಿದ್ದರು, ನರ್ಸಮ್ಮ ಕೇಳಿದ್ದಳು, ಮಗಳು ಫೋನಿನಲ್ಲಿ ಕೇಳಿದ್ದಳು. ಎಲ್ಲರಿಗೂ ಅವನು 'ನನಗೇನು, ಕಲ್ಲುಗುಂಡಿನ ಹಾಗಿದ್ದೀನಿ' ಅಂದಿದ್ದ.

"ಸಾಕಾಗೈತೆ," ಅಂದ. "ಸಾಕಾಗಿ ಸುಣ್ಣ ಆಗಿವ್ನಿ ಕಣೆ. ಆ ರೋಡು ನೋಡುದ್ರೆ ಅಳು ಬತ್ತದೆ. ನೀನು ಒಳಗೆ ಮಲಗಿರ್ತೀಯಲ್ಲ, ನಾನು ಆಸ್ಪತ್ರೆ ಕಾಂಪೌಂಡಿನಾಗೆ ಕೂತ್ಕಂಡು ಒಂದೊಂದ್ಸಲ ನಿನ್ನ ಬೈಕತೀನಿ. ಆದ್ರೆ ನೀನು ಓದ್ಮ್ಯಾಲೆ ಸಾಕಾಗೋದು ನಿಲ್ತದಾ? ಆಗ ಎಲ್ಲಿಗೆ ಗಾಡಿ ಓಡಿಸ್ಲಿ ನಾನು? ಯೋಳು."

ಮರಿಯಮ್ಮ ಸೆರಗು ಸರಿಮಾಡಿಕೊಂಡು, "ಡೀಸಲ್ ಸುಮ್ನೆ ಉರೀತೈತೆ," ಅಂದಳು. ಎದ್ದು, ಗೋಡೆ ಹಿಡಿದು ಹೊರಗೆ ಬಂದು, ಹಿಂದಿನ ಬಾಗಿಲು ಬಿಟ್ಟು ಮುಂದಿನ ಸೀಟಿನಲ್ಲಿ ಕೂತಳು. ಅವಳು ಬಂದದ್ದು ಇವತ್ತಿಗೋ ಇನ್ನು ಮುಂದಕ್ಕೋ ಬೀರಲಿಂಗಯ್ಯನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಪಟ್ಟಣ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಗಾಳಿ ಚೆನ್ನಾಗಿ ಬರತೊಡಗಿತು. ಅವಳು ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಬಾಟಲಿ ಮುಟ್ಟಲಿಲ್ಲ, ಒಕರಿಕೆಯೂ ಬರಲಿಲ್ಲ. ಹಾಗೆ ನೋಡಿದರೆ ನೆಪ ಹೇಳಿದವಳಿಗೂ ಗಾಳಿ ಬೇಕೇ ಆಗಿತ್ತು. ಉದಯಪುರ ಕಳೆಯಿತು. ಬಿಸಿಲು ಎದುರಿಗೆ ಇರಲಿಲ್ಲ, ರಸ್ತೆ ನುಣ್ಣಗಿತ್ತು, ಕಾಲಿಗೆ ತಂಪು. ಬೀರಲಿಂಗಯ್ಯನ ರೆಪ್ಪೆ ಭಾರವಾಯಿತು. ಕೆನ್ನೆಗೆ ಹೊಡೆದುಕೊಂಡ. ಮತ್ತೆ ಭಾರವಾಯಿತು. ಎಂದಿನ ಹಾಗೆ ಹಲ್ಲು ಕಚ್ಚಿ ಓಡಿಸಬಹುದಿತ್ತು. ಪಕ್ಕದಲ್ಲಿ ಕೂತವಳು ರಸ್ತೆ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು.

"ನಿದ್ದೆ ಬತ್ತೈತೆ ಕಣಮ್ಮೀ," ಅಂದ.

ಅಂದು, ರಸ್ತೆ ಬಿಟ್ಟು ಎಡಕ್ಕಿಳಿಸಿ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿದ.

"ಒಂದು ಗಳಿಗೆ ಕಣ್ಮುಚ್ತೀನಿ. ಎಬ್ಬುಸ್ತೀಯಾ?"

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದುರಿನ ಗಾಜಿನಾಚೆ ನೋಡುತ್ತಾ ಕೂತಳು. ತಾನು ಏನು ಕೇಳಿದೆ ಅನ್ನುವುದು ಬೀರಲಿಂಗಯ್ಯನಿಗೆ ಆಮೇಲೆ ಹೊಳೆಯಿತು. ಸರಿಯಾದ ಹೊತ್ತಿಗೆ ಹೋಗದಿದ್ದರೆ ಮಂಚ ಇನ್ನೊಬ್ಬರಿಗೆ ಹೋಗುತ್ತದೆ. ಅವಳು ಸುಮ್ಮನೆ ಕೂತರೆ ಸಾಕು. ಬೆಳಿಗ್ಗೆ ಬೇಡ ಅಂದದ್ದು ತಾನಾಗಿ ನಡೆದುಹೋಗುತ್ತದೆ. ಗಂಡ ಮಲಗಿದ್ದ, ಎಬ್ಬಿಸಲು ಮನಸ್ಸು ಬರಲಿಲ್ಲ ಅಂದರೆ ಯಾರು ತಪ್ಪು ಹುಡುಕುತ್ತಾರೆ? ಜೇಬಿನಿಂದ ಮೊಬೈಲು ತೆಗೆದ, ಅಲಾರಾಂ ಇಡೋಣ ಅಂತ. ಒಂದು ಸಲ ಅವಳ ಮುಖ ನೋಡಿದ. ಮೊಬೈಲನ್ನು ಮತ್ತೆ ಜೇಬಿಗೆ ಹಾಕಿಕೊಂಡು ಸ್ಟೀರಿಂಗಿನ ಮೇಲೆ ತಲೆಯಿಟ್ಟ.

ಕನಸೂ ಬೀಳದ ನಿದ್ದೆ. ಎಷ್ಟು ಹೊತ್ತಾಯಿತೋ, ಭುಜದ ಮೇಲೆ ಕೈ ಬಿತ್ತು. ಮೆಲ್ಲಗಲ್ಲ, ಜೋರಾಗಿ.

"ಏಳಿ, ಏಳಿ! ಇದೇನು ಇಂಗೆ ಗೊರಕೆ ಒಡೀತೀರಾ? ಒತ್ತಾಯ್ತದೆ. ನನ್ ಮಂಚ ಇನ್ಯಾರಿಗಾದ್ರೂ ಕೊಟ್ಬುಟ್ಟಾರು."

ಬೀರಲಿಂಗಯ್ಯ ಕಣ್ಣುಜ್ಜಿಕೊಂಡು ನೋಡಿದ. ಬಿಸಿಲು ಇನ್ನೂ ಎಳೆಯದಾಗಿಯೇ ಇತ್ತು. ಅವಳು ಆಗಲೇ ತಲೆ ಬಾಚಿ ಜಡೆ ಹಾಕಿಕೊಂಡು, ಚೀಲವನ್ನು ಮಡಿಲಿಗೆ ತೆಗೆದುಕೊಂಡು ಕೂತಿದ್ದಳು. ಗಾಳಿ ಮುಚ್ಚಳದ ಹಿಡಿಯನ್ನು ಇನ್ನಷ್ಟು ತಳ್ಳಿ, ಕೀಲಿ ತಿರುಗಿಸಿದ.